ಝಾರ್ ಪೊರ್ಬುಗಳು

ಕಳೆದ ತಿಂಗಳು ನಮ್ಮ ಹಳೆಯ ಕಂಪನಿಯವರ ವಾಟ್ಸಾಪ್ ಗುಂಪಿನಲ್ಲಿ ಪೊರ್ಬುಗಳು ತೀರಿಕೊಂಡ ಸುದ್ದಿ ಬಂತು. ವಯಸ್ಸು ಎಪ್ಪತ್ತೈದು ದಾಟಿತ್ತು. ಮಧ್ಯಾಹ್ನದ ಊಟ ಮುಗಿಸಿ ಈಸಿಚೇರಿನಲ್ಲಿ ಕೂತವರು ಮತ್ತೆ ಏಳಲಿಲ್ಲವಂತೆ. ಕೈಮುಗಿದ ಚಿತ್ರಗಳು ಒಂದರ ಹಿಂದೆ ಒಂದು ಬಿದ್ದವು. ಅವುಗಳ ನಡುವೆ, ಈಗ ನೇಪಾಳದಲ್ಲಿ ಹೋಟೆಲು ನಡೆಸುತ್ತಿರುವ ಒಬ್ಬ ಹಳೆಯ ಕೆಲಸಗಾರ ಹಿಂದಿಯಲ್ಲಿ ಬರೆದಿದ್ದ: “ರಷ್ಯಾದ ರಾಜರ ಕತೆ ಹೇಳುತ್ತಿದ್ದ ಸರ್ ಹೋದರಾ? ಅವರಿಂದಾಗಿ ನಾನು ಅಡುಗೆ ಕಲಿತೆ.” ರಷ್ಯಾದ ರಾಜರಿಗೂ ಅಡುಗೆಗೂ ಎಂತ ಸಂಬಂಧವೆಂದು ಗುಂಪಿನ ಹೊಸಬನೊಬ್ಬ ಕೇಳಿದ. ಉತ್ತರ ಟೈಪು ಮಾಡಲು ಹೊರಟ ನನಗೆ ಇದು ಹೆಬ್ಬೆರಳಿನಲ್ಲಿ ಮುಗಿಯುವ ವಿಷಯವಲ್ಲ ಅನ್ನಿಸಿತು. ಹಾಗಾಗಿ ಕಾಗದ ಹಿಡಿದು ಕೂತಿದ್ದೇನೆ.

ಅವರು ಶಿರ್ವದ ಕಡೆಯವರು, ನಾನು ಮೂಲ್ಕಿಯವನು. ನಮ್ಮ ಕಡೆ ಕ್ರಿಶ್ಚಿಯನ್ ಗೃಹಸ್ಥರನ್ನು ತುಳುವಿನಲ್ಲಿ ಗೌರವದಿಂದ ‘ಪೊರ್ಬುಗಳು’ ಎನ್ನುತ್ತೇವೆ, ಅವರ ಹೆಂಡತಿಯರನ್ನು ‘ಬಾಯಮ್ಮ’. ನಾವಿಬ್ಬರೂ ಕೆಲಸಕ್ಕಿದ್ದ ಕತಾರಿನ ದೋಹಾದಲ್ಲಿ ಪೊರ್ಬುಗಳಿಗೇನೂ ಕಡಿಮೆ ಇರಲಿಲ್ಲ. ಬ್ಯಾಂಕಿನ ಪೊರ್ಬುಗಳು, ಏರ್‌ಪೋರ್ಟಿನ ಪೊರ್ಬುಗಳು, ಬ್ಯಾಂಡು ಬಾರಿಸುವ ಪೊರ್ಬುಗಳು ಎಂದು ಗುರುತು ಹಚ್ಚಬೇಕಾಗುತ್ತಿತ್ತು. ಇವರು ಝಾರ್ ಪೊರ್ಬುಗಳು; ಝಾರ್ ಎಂದರೆ ರಷ್ಯಾದ ದೊರೆ. ಹೆಸರಿಟ್ಟವರು ಯಾರೋ ಗೊತ್ತಿಲ್ಲ. ಹೀಗೆ ಕರೆಯುವುದು ಪೊರ್ಬುಗಳಿಗೆ ಗೊತ್ತಿತ್ತು, ಮತ್ತು ಒಳಗೊಳಗೇ ಖುಷಿಯೂ ಇತ್ತು.

ಇಂಡಸ್ಟ್ರಿಯಲ್ ಏರಿಯಾದ ಒಂದು ಕಟ್ಟಡ ಕಂಪನಿಯಲ್ಲಿ ಅವರು ಆಡಳಿತದ ವಿಭಾಗ ನೋಡಿಕೊಳ್ಳುತ್ತಿದ್ದರು. ಕೆಲಸಗಾರರ ವೀಸಾ, ಲೇಬರ್ ಕ್ಯಾಂಪಿನ ರೂಮು, ಮೆಸ್ಸಿನ ಊಟ, ರಜೆಯಲ್ಲಿ ಊರಿಗೆ ಹೋಗುವವರಿಗೆ ದೇಶ ಬಿಡಲು ಬೇಕಾದ ಎಗ್ಸಿಟ್ ಪರ್ಮಿಟ್, ಎಲ್ಲ ಅವರ ಮೇಜಿನ ಮೇಲಿಂದಲೇ ಹೋಗಬೇಕು. ನಾನು ಅದೇ ಆಫೀಸಿನಲ್ಲಿ ಪರ್ಚೇಸ್ ವಿಭಾಗಕ್ಕೆ ಸೇರಿದಾಗ ನನ್ನ ಬಳಿ ಕಾರಿರಲಿಲ್ಲ. ಇಬ್ಬರೂ ನಜ್ಮಾದಲ್ಲಿ ಅಕ್ಕಪಕ್ಕದ ಬೀದಿಯಲ್ಲಿದ್ದುದರಿಂದ ಅವರ ಬಿಳಿ ಕಾರಿನಲ್ಲಿ ಹೋಗತೊಡಗಿದೆ. ಮೊದಲ ದಿನವೇ, ಬೀದಿಯ ತಿರುವು ದಾಟುವ ಮೊದಲು, ಅವರು ಕೇಳಿದರು:

“ನಿನಗೆ ರಷ್ಯಾದ ಝಾರ್‌ಗಳ ವಿಷಯ ಎಂತಾದರೂ ಗೊತ್ತುಂಟಾ?”

ಇಲ್ಲ ಎಂದೆ.

“ಒಳ್ಳೇದಾಯ್ತು. ಅರ್ಧಂಬರ್ಧ ಗೊತ್ತಿದ್ದವರಿಗೆ ಹೇಳುವುದು ಕಷ್ಟ.”

ಅಲ್ಲಿಂದ ಶುರುವಾಯಿತು. ಕುಳ್ಳು ದೇಹ, ದುಂಡು ಮುಖ, ಸ್ಟೇರಿಂಗಿನ ಮೇಲಿಂದ ರಸ್ತೆ ಕಾಣಲು ಕೂರುವಲ್ಲೊಂದು, ಬೆನ್ನ ಹಿಂದೊಂದು ಕುಶನ್. ಕತೆಯಲ್ಲಿ ದೊರೆ ಮಾತಾಡುವಾಗ ಅವರ ಬೆನ್ನು ಕುಶನ್ ಬಿಟ್ಟು ನೆಟ್ಟಗಾಗುತ್ತಿತ್ತು; ರೈತ ಮಾತಾಡುವಾಗ ಭುಜ ಇಳಿಯುತ್ತಿತ್ತು. ರೈತನ ಮಾತು ಉದ್ದವಾದರೆ ನನಗೆ ಹೆದರಿಕೆ, ಯಾಕೆಂದರೆ ಆಗ ಅವರಿಗೆ ರಸ್ತೆ ಕಾಣುತ್ತಿರಲಿಲ್ಲ. ನಾವು ಮಾತಾಡುತ್ತಿದ್ದದ್ದು ತುಳುವಿನಲ್ಲಿ. ಆದರೆ ಝಾರ್ ಬಂದ ಕೂಡಲೇ ಅವರು ಕನ್ನಡಕ್ಕೆ ಹೊರಳುತ್ತಿದ್ದರು. ಚಕ್ರವರ್ತಿ ತುಳುವಿನಲ್ಲಿ ಮಾತಾಡಿದರೆ ಯಕ್ಷಗಾನದ ಹಾಸ್ಯಗಾರನ ಹಾಗೆ ಕೇಳುತ್ತದೆ, ಎನ್ನುವುದು ಅವರ ಅಭಿಪ್ರಾಯ. ಸೈಂಟ್ ಪೀಟರ್ಸ್‌ಬರ್ಗ್ ಎಂದು ಮಾತ್ರ ಎಂದೂ ಹೇಳಿದವರಲ್ಲ. ಅದು ಅವರಿಗೆ ‘ಪೆದ್ರುವಿನ ಊರು’. ಕೊಂಕಣಿಯಲ್ಲಿ ಪೀಟರ್ ಎಂದರೆ ಪೆದ್ರು. ಅವರ ಅಣ್ಣನೂ ಪೆದ್ರುವೇ.

ಈ ಹುಚ್ಚು ಹಿಡಿದದ್ದು ಊರಿನಲ್ಲಿ. ಅಂಚೆಯ ಮೂಲಕ ಚರಿತ್ರೆಯಲ್ಲಿ ಎಂ.ಎ. ಮಾಡಿಕೊಂಡು ಅವರು ಒಂದು ಹೈಸ್ಕೂಲಿನಲ್ಲಿ ತಾತ್ಕಾಲಿಕ ಮಾಸ್ಟರಾಗಿದ್ದರು. ಆಗ ರಷ್ಯಾದ ಪುಸ್ತಕಗಳನ್ನು ಹೇರಿಕೊಂಡು ಒಂದು ವ್ಯಾನು ಊರೂರು ತಿರುಗುತ್ತಿತ್ತಂತೆ. ದಪ್ಪ ರಟ್ಟಿನ ಪುಸ್ತಕ, ಮಸಾಲೆ ದೋಸೆಯ ಬೆಲೆಗೆ. ಎಲ್ಲ ಕ್ರಾಂತಿಯ ಪುಸ್ತಕಗಳು. ಇವರಿಗೆ ಆಸಕ್ತಿ ಹುಟ್ಟಿದ್ದು ಮಾತ್ರ ಕ್ರಾಂತಿಯಲ್ಲಲ್ಲ, ಅದಕ್ಕೆ ಮುಂಚಿನ ಕಾಲದಲ್ಲಿ.

“ಮನೆ ಬಿದ್ದದ್ದನ್ನು ಎಲ್ಲರೂ ನೋಡ್ತಾರೆ. ಗೋಡೆ ಬಿರುಕು ಬಿಡುವಾಗ ಒಳಗಿದ್ದವರು ಎಂತ ಮಾತಾಡ್ತಿದ್ರು ಅಂತ ಯಾರಿಗೂ ಬೇಡ,” ಎನ್ನುತ್ತಿದ್ದರು.

ಪಾಠಪುಸ್ತಕದಲ್ಲಿ ರಷ್ಯಾ ಅರ್ಧ ಪುಟ. ಇವರು ಮಳೆಗಾಲವಿಡೀ ಅದನ್ನೇ ಪಾಠ ಮಾಡಿದರು. ಹೆಡ್‌ಮಾಸ್ಟರು ಕರೆದು, “ಪೊರ್ಬುಗಳೇ, ನಮ್ಮ ಶಿವಾಜಿ ಯಾವಾಗ ಬರ್ತಾನೆ?” ಎಂದು ಕೇಳಿದರಂತೆ. “ಜೀತ ರದ್ದಾದ ಕೂಡಲೇ ಬರ್ತಾನೆ ಸಾರ್,” ಎಂದು ಇವರು ಹೇಳಿದರು. ಮರುವರ್ಷ ಶಾಲೆಯವರು ಇವರನ್ನು ಮುಂದುವರಿಸಲಿಲ್ಲ. ಅಷ್ಟರಲ್ಲಿ ದೋಹಾದ ವೀಸಾ ಬಂತು. ಹಾಗೆ ಚರಿತ್ರೆ ಕಲಿಸುವವರು ಲೇಬರ್ ಕ್ಯಾಂಪ್ ನೋಡಿಕೊಳ್ಳುವವರಾದರು.

ಅವರ ಕತೆಯಲ್ಲಿ ಮುಖ್ಯರು ಮೂವರು. ಎರಡನೆಯ ಅಲೆಕ್ಸಾಂಡರ್, ಅವನ ಮಗ ಮೂರನೆಯ ಅಲೆಕ್ಸಾಂಡರ್, ಮೊಮ್ಮಗ ಎರಡನೆಯ ನಿಕೊಲಾಸ್. ನಾನು ಹೆಸರುಗಳಲ್ಲಿ ತಡವರಿಸುವುದನ್ನು ಕಂಡು ಅವರು ಸುಲಭ ಮಾಡಿಕೊಟ್ಟರು: “ನಂಬರು ಬಿಡು. ಅಪ್ಪ, ಮಗ, ಮೊಮ್ಮಗ. ಊರಿನ ಯಾವುದಾದರೂ ದೊಡ್ಡ ಮನೆ ಅಂತ ಗ್ರಹಿಸು. ಅಪ್ಪ ಕೊಟ್ಟ, ಮಗ ಹಿಂದೆ ತಗೊಂಡ, ಮೊಮ್ಮಗನಿಗೆ ಕೊಡ್ಲಿಕ್ಕೂ ಗೊತ್ತಿಲ್ಲ, ಹಿಡಿಲಿಕ್ಕೂ ಗೊತ್ತಿಲ್ಲ.”

ಅಪ್ಪನ ಮೇಲೆ ಅವರಿಗೆ ವಿಶೇಷ ಪ್ರೀತಿ. ಯುದ್ಧದಲ್ಲಿ ಸೋತ ದೇಶವನ್ನು ಕೈಗೆ ತೆಗೆದುಕೊಂಡವನು ಅವನು. ಹಳ್ಳಿಗೆ ಹಳ್ಳಿಯೇ ಜಮೀನ್ದಾರನ ಸೊತ್ತಾಗಿದ್ದ ರೈತರನ್ನು ಒಂದು ಸಹಿಯಲ್ಲಿ ಬಿಡಿಸಿದ. ಕೆಳಗಿನಿಂದ ತಾನಾಗಿ ಎದ್ದು ಬರುವುದಕ್ಕಿಂತ ಮೇಲಿನಿಂದ ನಾವೇ ಕೊಡುವುದು ಲೇಸು, ಎಂದು ಜಮೀನ್ದಾರರಿಗೆ ತಿಳಿಹೇಳಿದ. ಆ ಆಜ್ಞೆಯನ್ನು ಇಗರ್ಜಿಗಳಲ್ಲಿ ಪಾದ್ರಿಗಳು ಓದಿ ಹೇಳಿದರಂತೆ. ಉದ್ದ ಆಜ್ಞೆ, ಕಠಿಣ ಭಾಷೆ. ಭೂಮಿಗೆ ವರ್ಷವರ್ಷ ಕಂತು ಕಟ್ಟಬೇಕು, ಊರು ಬಿಟ್ಟು ಹೋಗಲು ಊರಿನ ಪಂಚಾಯತಿ ಒಪ್ಪಬೇಕು ಎಂದು ಕೇಳಿದ ರೈತರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇದು ನಿಜವಾದ ಆಜ್ಞೆಯಲ್ಲ, ದೊರೆ ಬರೆದದ್ದು ಬೇರೆ ಉಂಟು, ಜಮೀನ್ದಾರರು ಅದನ್ನು ಅಡಗಿಸಿಟ್ಟಿದ್ದಾರೆ ಎಂದು ಎಷ್ಟೋ ಹಳ್ಳಿಗಳಲ್ಲಿ ನಂಬಿದರು. ಇದನ್ನು ಹೇಳುವಾಗ ಪೊರ್ಬುಗಳ ಭುಜ ಪೂರ್ತಿ ಇಳಿದಿತ್ತು, ಮತ್ತು ನಾವು ಇಂಡಸ್ಟ್ರಿಯಲ್ ಏರಿಯಾದ ತಿರುವು ದಾಟಿ ಮುಂದೆ ಹೋಗಿದ್ದೆವು.

ಮಗನ ಬಗ್ಗೆ ಅವರಿಗೆ ಸಿಟ್ಟಿದ್ದರೂ ಕತೆಯಲ್ಲಿ ಅವನಿಗೆ ಅನ್ಯಾಯ ಮಾಡುತ್ತಿರಲಿಲ್ಲ. ಆನೆಯಂಥ ಮನುಷ್ಯ, ಬೆಳ್ಳಿಯ ನಾಣ್ಯವನ್ನು ಬೆರಳಲ್ಲಿ ಬಗ್ಗಿಸುತ್ತಿದ್ದ. ರೈಲು ಹಳಿ ತಪ್ಪಿದಾಗ ಊಟದ ಬೋಗಿಯ ಮಾಡು ಕುಸಿಯಿತು; ಹೆಂಡತಿ ಮಕ್ಕಳು ಹೊರಬರುವ ತನಕ ಅದನ್ನು ಹೆಗಲಲ್ಲಿ ಹೊತ್ತು ನಿಂತ ಎಂದು ಜನ ಹೇಳುತ್ತಿದ್ದರು. “ಮನೆಯವರಿಗೆ ಒಳ್ಳೆಯವ ಮಾರಾಯ. ಅದನ್ನು ಇಲ್ಲ ಅಂತ ಹೇಳ್ಲಿಕ್ಕಾಗುವುದಿಲ್ಲ.”

ಅದು ದೋಹಾದ ಏಷ್ಯನ್ ಗೇಮ್ಸ್‌ಗೆ ಮುಂಚಿನ ಕಾಲ. ಇಡೀ ದೋಹಾವನ್ನು ಅಗೆದುಹಾಕಿದ್ದರು. ಇವತ್ತು ಇದ್ದ ರೌಂಡಬೌಟ್ ನಾಳೆ ಇರುತ್ತಿರಲಿಲ್ಲ. ಅರ್ಧ ಗಂಟೆಯ ದಾರಿ ಒಂದೂವರೆ ಗಂಟೆ ಹಿಡಿಯುತ್ತಿತ್ತು. ಉಳಿದವರೆಲ್ಲ ಹಾರ್ನ್ ಬಾರಿಸಿ ಶಪಿಸುವಾಗ ಪೊರ್ಬುಗಳು ಗೇರನ್ನು ನ್ಯೂಟ್ರಲ್ಲಿಗೆ ತಂದು, ಫ್ಲಾಸ್ಕಿನಿಂದ ಕರಕ್ ಎಂಬ ಗಟ್ಟಿ ಚಾ ಬಗ್ಗಿಸಿ, “ಎಲ್ಲಿದ್ದೆವು?” ಎನ್ನುತ್ತಿದ್ದರು. ರಸ್ತೆ ಅಗೆದಷ್ಟೂ ರಷ್ಯಾ ಉದ್ದವಾಯಿತು.

ಒಮ್ಮೆ ಕ್ರೇನ್ ಮಾರಲು ಒಬ್ಬ ನಿಜವಾದ ರಷ್ಯನ್ ನಮ್ಮ ಆಫೀಸಿಗೆ ಬಂದ. ಪೊರ್ಬುಗಳು ಟೈ ಕಟ್ಟಿಕೊಂಡು ಬಂದು ಅವನೆದುರು ಕೂತರು. ಅಪ್ಪ, ಮಗ, ಮೊಮ್ಮಗ ಎಲ್ಲರನ್ನೂ ವಿಚಾರಿಸಿದರು. ಶಾಲೆಯಲ್ಲಿ ಚರಿತ್ರೆಯ ಪರೀಕ್ಷೆಯನ್ನು ಪಕ್ಕದ ಹುಡುಗಿಯ ಪೇಪರು ನೋಡಿ ಪಾಸು ಮಾಡಿದ್ದಾಗಿ ಅವನು ನಗುತ್ತ ಹೇಳಿದ. ಸಂಜೆ ಕಾರಿನಲ್ಲಿ ಪೊರ್ಬುಗಳು ಟೈ ಸಡಿಲಿಸುತ್ತ, “ಆ ಹುಡುಗಿಯಾದರೂ ಬರಬಹುದಿತ್ತು ಕ್ರೇನ್ ಮಾರ್ಲಿಕ್ಕೆ,” ಎಂದರು.

ಈಗ ಅಡುಗೆಯ ವಿಷಯ. ನಮ್ಮ ಹಳೆಯ ಮುದೀರ್, ಅಂದರೆ ಮ್ಯಾನೇಜರ್, ಬಹಳ ಬಿಗಿ ಮನುಷ್ಯ. ಕ್ಯಾಂಪಿನಲ್ಲಿ ಯಾರೂ ಅಡುಗೆ ಮಾಡುವಂತಿಲ್ಲ, ಸ್ಟೌ ಸಿಕ್ಕಿದರೆ ಜಪ್ತಿ. ನೇಪಾಳದವರಿಗೆ, ತಮಿಳರಿಗೆ, ಬಂಗಾಳದವರಿಗೆ, ನಮ್ಮ ಕರಾವಳಿಯವರಿಗೆ ಎಲ್ಲರಿಗೂ ಮೆಸ್ಸಿನಲ್ಲಿ ಒಂದೇ ದಾಲ್, ಒಂದೇ ಅನ್ನ. ಗುಟ್ಟಾಗಿ ಅಡುಗೆ ಮಾಡುವವರಂತೂ ಇದ್ದರು. ಬಂಗುಡೆ ಹುರಿದರೆ ವಾಸನೆ ಗುಟ್ಟು ಉಳಿಸುವುದಿಲ್ಲ. ಆ ಮುದೀರ್ ನಿವೃತ್ತನಾಗಿ ಹೋದ ಮೇಲೆ ಲೆಬನಾನಿನ ಒಬ್ಬ ಇಂಜಿನಿಯರ್ ಬಂದ. ನಲವತ್ತರ ವಯಸ್ಸು, ನಗುಮುಖ, ಸಿಟ್ಟು ಬೇಗ ಬರುತ್ತಿತ್ತು, ಬೇಗ ಹೋಗುತ್ತಿತ್ತು. ಕ್ಯಾಂಪ್ ನೋಡಲು ಹೋದವನು ಮೆಸ್ಸಿನ ದಾಲ್ ರುಚಿ ನೋಡಿ ಚಮಚ ಕೆಳಗಿಟ್ಟ. ಆಫೀಸಿಗೆ ಬಂದು ಪೊರ್ಬುಗಳನ್ನು ಕರೆದು, ಏನು ಮಾಡಬಹುದು ಎಂದು ಕೇಳಿದ.

ಪೊರ್ಬುಗಳು ಹತ್ತಿಪ್ಪತ್ತು ವರ್ಷದಿಂದ ಆ ಪ್ರಶ್ನೆಗಾಗಿ ಕಾದವರ ಹಾಗೆ ಉತ್ತರ ಕೊಟ್ಟರು. ಕ್ಯಾಂಪಿನ ಹಿಂದಿನ ಖಾಲಿ ಶೆಡ್ಡನ್ನು ಅಡುಗೆಮನೆ ಮಾಡಬೇಕು. ಬೇಕಾದವರು ಕೆಲಸ ಮುಗಿಸಿ ಬಂದು ತಮ್ಮ ಅಡುಗೆ ತಾವು ಮಾಡಿಕೊಳ್ಳಲಿ. ಮೆಸ್ಸಿಗೆ ಒಂದು ಸಮಿತಿ ಇರಲಿ, ಪ್ರತಿ ಭಾಷೆಯವರು ತಮ್ಮಲ್ಲೇ ಒಬ್ಬನನ್ನು ಆರಿಸಲಿ. ಮುದೀರ್ “ಯಲ್ಲಾ, ನಡೆಯಲಿ, ಮಾಡಿ,” ಎಂದ.

ನೋಟೀಸನ್ನು ಪೊರ್ಬುಗಳೇ ಬರೆದರು. ಹಿಂದಿಯಲ್ಲಿ ಓದಿ ಹೇಳಲು ಶುಕ್ರವಾರ ಬೆಳಿಗ್ಗೆ ಕ್ಯಾಂಪಿನ ಅಂಗಳಕ್ಕೆ ನನ್ನನ್ನೂ ಕರೆದುಕೊಂಡು ಹೋದರು. ಅವರು ಓದಿದರು. ಜನ ಕೇಳಿದರು. ಅಡುಗೆ ಮಾಡಬಹುದು, ಆದರೆ ಸ್ಟೌ ಕಂಪನಿಯದ್ದೇ ಆಗಿರಬೇಕು, ರೂಮಿನಲ್ಲಿ ಮಾಡುವಂತಿಲ್ಲ, ಎಂದೆಲ್ಲ ಇತ್ತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಸೋಮವಾರದ ಹೊತ್ತಿಗೆ ಕ್ಯಾಂಪಿನಲ್ಲಿ ಸುದ್ದಿ ಹಬ್ಬಿತ್ತು: ಮುದೀರ್ ಬರೆದ ನಿಜವಾದ ನೋಟೀಸಿನಲ್ಲಿ ಪ್ರತಿ ಶುಕ್ರವಾರ ಮಟನ್ ಬಿರಿಯಾನಿ ಉಂಟಂತೆ, ಆಫೀಸಿನವರು ಅದನ್ನು ಅಡಗಿಸಿಟ್ಟಿದ್ದಾರಂತೆ.

ಈ ಸುದ್ದಿ ಕೇಳಿದಾಗ ಪೊರ್ಬುಗಳ ಮುಖ ನೋಡಬೇಕಿತ್ತು. ಬೇರೆ ಯಾರಾದರೂ ಆಗಿದ್ದರೆ ಬೇಸರಪಡುತ್ತಿದ್ದರು. ಅವರು ಎರಡೂ ಕೈಯಿಂದ ಸ್ಟೇರಿಂಗ್ ತಟ್ಟಿ ನಕ್ಕರು. “ನೋಡಿದ್ಯಾ? ಅದೇ ಮಾತು. ನಾನು ಜಮೀನ್ದಾರನಾದೆ.”

ಅಡುಗೆಮನೆ ಚೆನ್ನಾಗಿಯೇ ನಡೆಯಿತು. ಸಂಜೆ ಆ ಕಡೆ ಹೋದರೆ ಒಂದು ಒಲೆಯಲ್ಲಿ ಸಾಸಿವೆ ಎಣ್ಣೆ, ಇನ್ನೊಂದರಲ್ಲಿ ಸಾಂಬಾರು, ಮತ್ತೊಂದರಲ್ಲಿ ನಮ್ಮ ಮೀನು ಗಸಿ. ಸಮಿತಿಯೂ ಸೇರಿತು. ಮೊದಲ ಸಭೆಯಲ್ಲಿ ಬಂಗಾಳದವನೂ ತಮಿಳನೂ ಅಕ್ಕಿಯ ವಿಷಯದಲ್ಲಿ ಜಗಳಾಡಿ ಎದ್ದುಹೋದರು. ಎರಡನೆಯ ಸಭೆಯಲ್ಲಿ ಎರಡು ಬಗೆಯ ಅಕ್ಕಿ ಎಂದು ತೀರ್ಮಾನವಾಯಿತು. ಪೊರ್ಬುಗಳು ಬಾಗಿಲ ಹತ್ತಿರ ಕೂತು, ಒಂದೂ ಮಾತಾಡದೆ, ಮದುವೆ ಮನೆಯ ಯಜಮಾನನ ಹಾಗೆ ನೋಡುತ್ತಿದ್ದರು.

ಆಮೇಲೊಂದು ಸಂಜೆ ಕಾರ್ಕಳದ ಕಡೆಯ ಒಬ್ಬ ವೆಲ್ಡರ್ ಬಂಗುಡೆ ಹುರಿಯಲು ಎಣ್ಣೆ ಕಾಯಲಿಟ್ಟು ಟೀವಿಯಲ್ಲಿ ಕ್ರಿಕೆಟ್ ನೋಡಲು ಹೋದ. ಎಣ್ಣೆಗೆ ಬೆಂಕಿ ಹಿಡಿಯಿತು, ಅಲ್ಲಿಂದ ಕಿಟಕಿಯ ಪರದೆಗೆ. ನೇಪಾಳದವರು ಇಬ್ಬರು ಒದ್ದೆ ಗೋಣಿ ಹಾಕಿ ನಂದಿಸಿದರು. ಯಾರಿಗೂ ಏನೂ ಆಗಲಿಲ್ಲ. ಗೋಡೆ ಒಂದು ಮಾತ್ರ ಮಾಡಿನ ತನಕ ಕಪ್ಪಾಗಿತ್ತು.

ಮರುದಿನ ಬೆಳಿಗ್ಗೆ ಮುದೀರ್ ಪೊರ್ಬುಗಳನ್ನು ಕರೆದ. ಬೆಂಕಿ ನಂದಿಸುವ ಸಾಮಾನಿನ ವಿಷಯ ಕೇಳಲು ನನ್ನನ್ನೂ ಕರೆದಿದ್ದ. ಅವನ ಮುಖ ಬಿಳಿಚಿತ್ತು. ಇಂಗ್ಲಿಷಿನಲ್ಲಿ, ನಡುನಡುವೆ ಅರಬ್ಬಿಯಲ್ಲಿ, ಒಂದೇ ಉಸಿರಿಗೆ ಹೇಳಿದ: “ಅಡುಗೆಮನೆ ಖಲಾಸ್. ಸಮಿತಿ ಖಲಾಸ್. ಯಾರಾದರೂ ಸತ್ತಿದ್ದರೆ ನಾನು ಜೈಲಿಗೆ. ನಾನು ಒಳ್ಳೆಯದು ಮಾಡಲು ಹೋದೆ, ಅವರು ನನಗೆ ಬೆಂಕಿ ಕೊಟ್ಟರು. ನೋಟೀಸು ಹಾಕಿ.”

ಪೊರ್ಬುಗಳು ಕೂತಲ್ಲೇ ಕೂತಿದ್ದರು. ಅವರ ಬೆನ್ನು ನೆಟ್ಟಗಾಗುವುದನ್ನು ನಾನು ನೋಡಿದೆ. ಅಯ್ಯೋ ದೇವರೇ, ಇಲ್ಲಿ ಬೇಡ ಎಂದುಕೊಂಡೆ.

“ನೋಟೀಸು ಹಾಕ್ತೇನೆ ಸರ್. ಅದಕ್ಕೆ ಮೊದಲು ಐದು ನಿಮಿಷ ಕೊಡಿ. ರಷ್ಯಾದಲ್ಲಿ ಒಬ್ಬ ದೊರೆ ಇದ್ದ,” ಎಂದರು.

ಮುದೀರ್ ನನ್ನ ಕಡೆ ನೋಡಿದ. ನಾನು ನೆಲ ನೋಡಿದೆ.

ಅವರು ಅಪ್ಪನ ಕೊನೆಯ ದಿನದ ಕತೆ ಹೇಳಿದರು. ಅಷ್ಟೆಲ್ಲ ಕೊಟ್ಟ ದೊರೆಯನ್ನು ಕೊಲ್ಲಲು ಕೆಲವರು ಹೊಂಚುಹಾಕುತ್ತಲೇ ಇದ್ದರು. ಆ ಬೆಳಿಗ್ಗೆ ಅವನು ಇನ್ನೊಂದು ಸುಧಾರಣೆಗೆ ಒಪ್ಪಿಗೆ ಕೊಟ್ಟಿದ್ದ: ಜನರ ಪ್ರತಿನಿಧಿಗಳನ್ನು ಕರೆದು ಕಾನೂನಿನ ವಿಷಯದಲ್ಲಿ ಅವರ ಸಲಹೆ ಕೇಳುವುದು. ಮಧ್ಯಾಹ್ನ ದಾರಿಯಲ್ಲಿ ಅವನ ಗಾಡಿಗೆ ಬಾಂಬು ಬಿತ್ತು. ಅವನಿಗೆ ಏನೂ ಆಗಲಿಲ್ಲ. ಗಾಯಗೊಂಡ ಸಿಪಾಯಿಗಳನ್ನು ನೋಡಲು ಕೆಳಗಿಳಿದ. ಎರಡನೆಯ ಬಾಂಬಿಗೆ ಸತ್ತ. ಮಗ ಪಟ್ಟಕ್ಕೆ ಬಂದ. ಸಲಹೆಯೂ ಬೇಡ, ಪ್ರತಿನಿಧಿಗಳೂ ಬೇಡ, ನನ್ನ ಅಪ್ಪನ ಮೆದುತನದಿಂದ ಹೀಗಾಯಿತು ಎಂದು ಎಲ್ಲವನ್ನೂ ಬಿಗಿಮಾಡಿದ. ಬಾಂಬು ಹಾಕಿದವರು ಬೆರಳೆಣಿಕೆಯ ಜನ. ಬಾಗಿಲು ಮುಚ್ಚಿದ್ದು ಇಡೀ ದೇಶಕ್ಕೆ.

ಮುದೀರ್ ಕೇಳುತ್ತಿದ್ದ. ಪೆನ್ನನ್ನು ತಿರುಗಿಸುವುದು ನಿಲ್ಲಿಸಿದ್ದ.

“ಆ ಮಗನಿಗೆ ಏನಾಯಿತು?” ಎಂದು ಕೇಳಿದ.

“ಏನೂ ಆಗಲಿಲ್ಲ ಸರ್. ಕಾಯಿಲೆ ಬಂದು ಹಾಸಿಗೆಯಲ್ಲೇ ಸತ್ತ. ಬೆಲೆ ತೆತ್ತವನು ಮೊಮ್ಮಗ.”

“ನನಗೆ ಮೊಮ್ಮಕ್ಕಳಿಲ್ಲ.”

“ನಿಮ್ಮ ಕುರ್ಚಿಗೆ ಇರುತ್ತಾರೆ ಸರ್.”

ಪೊರ್ಬುಗಳು ಧ್ವನಿ ತಗ್ಗಿಸಿದರು: “ಎಣ್ಣೆ ಇಟ್ಟು ಹೋದವನಿಗೆ ಶಿಕ್ಷೆ ಕೊಡಿ. ಆದರೆ ಆ ಶಿಕ್ಷೆ ಏನೆಂದು ಸಮಿತಿ ಹೇಳಲಿ. ಈಗ ಅಡುಗೆಮನೆ ಮುಚ್ಚಿದರೆ ಅವರು ಅಡುಗೆ ಬಿಡುವುದಿಲ್ಲ. ಮತ್ತೆ ಮಂಚದ ಕೆಳಗೆ ಸ್ಟೌ ಇಡ್ತಾರೆ. ಅಲ್ಲಿ ಬೆಂಕಿ ಬಿದ್ದರೆ ಗೋಡೆ ಮಾತ್ರ ಕಪ್ಪಾಗುವುದಿಲ್ಲ.”

ಆ ಕೊನೆಯ ಮಾತೇ ಕೆಲಸ ಮಾಡಿತು ಎಂದು ನನ್ನ ನಂಬಿಕೆ; ಕತೆ ಮಾಡಿತು ಎಂದು ಅವರದ್ದು. ಅದೇನೇ ಇರಲಿ, ಮುದೀರ್ ಎದ್ದು, “ಸಂಜೆ ನಾನೇ ಬರುತ್ತೇನೆ. ಸಮಿತಿ ಸೇರಲಿ,” ಎಂದ.

ಸಂಜೆ ಕಪ್ಪು ಗೋಡೆಯ ಕೆಳಗೆ ಸಭೆ ಕೂತಿತು. ವೆಲ್ಡರ್ ತಲೆತಗ್ಗಿಸಿ ನಿಂತಿದ್ದ. ಅವನೇ ಗೋಡೆಗೆ ಸುಣ್ಣ ಬಳಿಯಬೇಕು, ರಂಜಾನ್ ಮುಗಿಯುವ ತನಕ ಅಡುಗೆಮನೆ ಗುಡಿಸಬೇಕು ಎಂದು ತೀರ್ಮಾನಿಸಿದರು. ಪರದೆ ಬೇಡವೇ ಬೇಡ. ಇನ್ನು ಮೇಲೆ ಒಲೆ ಉರಿಯುವಷ್ಟು ಹೊತ್ತೂ ಒಬ್ಬ ಕಾವಲು ನಿಲ್ಲಬೇಕು. ಬೆಂಕಿ ನಂದಿಸಿದ ನೇಪಾಳದ ಒಬ್ಬ ತಾನು ನಿಲ್ಲುತ್ತೇನೆ ಎಂದ. ಅವನಿಗೆ ಅನ್ನ ಬೇಯಿಸಲೂ ಬರುತ್ತಿರಲಿಲ್ಲ. ಸಂಜೆಸಂಜೆ ಕೈಕಟ್ಟಿ ನಿಂತು ನಾಲ್ಕಾರು ಭಾಷೆಯ ಅಡುಗೆ ನೋಡುತ್ತ ನೋಡುತ್ತ, ಒಬ್ಬನಿಗೆ ಈರುಳ್ಳಿ ಹೆಚ್ಚಿಕೊಟ್ಟು, ಇನ್ನೊಬ್ಬನ ಸಾರು ಕಲಕಿಕೊಟ್ಟು, ಎರಡು ವರ್ಷದಲ್ಲಿ ಅವನ ಕೈಯ ಮೀನು ಗಸಿಯನ್ನು ನಮ್ಮವರೇ ಹೊಗಳುವಂತಾಯಿತು. ವಾಟ್ಸಾಪ್‌ನಲ್ಲಿ ಬರೆದವನು ಅವನೇ.

ಇಷ್ಟಕ್ಕೇ ನಿಲ್ಲಿಸಿದರೆ ಪೊರ್ಬುಗಳು ಬಹಳ ದೊಡ್ಡವರಾಗಿಬಿಡುತ್ತಾರೆ. ಅವರಿಗೇ ಅದು ಸರಿಕಾಣುತ್ತಿರಲಿಲ್ಲ.

ಅವರ ಹೆಂಡತಿ ಬಾಯಮ್ಮ ಆಸ್ಪತ್ರೆಯಲ್ಲಿ ನರ್ಸ್. ಪೊರ್ಬುಗಳಿಗಿಂತ ಒಂದು ಗೇಣು ಎತ್ತರ, ಮಾತು ಕಮ್ಮಿ, ಆಡಿದರೆ ಇಂಜೆಕ್ಷನ್ ಚುಚ್ಚಿದ ಹಾಗೆ. ಬೆಳಿಗ್ಗೆ ಬೇಗ ಶುರುವಾಗುವ ಪಾಳಿಗೆ ಆಸ್ಪತ್ರೆಯ ಬಸ್ಸು ಹಿಡಿಯಬೇಕು. ಬಸ್ಸು ಊರೆಲ್ಲ ಸುತ್ತಿ ಬರುತ್ತಿತ್ತು. ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿದ ದಿನ, ಊಟಕ್ಕೆ ಬಂದವರೆಲ್ಲರ ಎದುರು ಪೊರ್ಬುಗಳು ಎದ್ದುನಿಂತು ಘೋಷಿಸಿದ್ದರು: ಇನ್ನು ಬಾಯಮ್ಮ ಡ್ರೈವಿಂಗ್ ಕಲಿಯಬೇಕು, ಕಾರು ಇಬ್ಬರದ್ದು. ನಾವು ಚಪ್ಪಾಳೆ ತಟ್ಟಿದ್ದೆವು. ದೋಹಾದ ಡ್ರೈವಿಂಗ್ ಪರೀಕ್ಷೆಯಲ್ಲಿ ಗಂಡಸರೇ ನಾಲ್ಕೈದು ಸಲ ಡುಮ್ಕಿ ಹೊಡೆಯುವ ಕಾಲ. ಬಾಯಮ್ಮ ಮೂರನೆಯ ಸಲಕ್ಕೆ ಪಾಸಾದರು.

ಅಡುಗೆಮನೆಯ ಬೆಂಕಿಯ ಮರುವರ್ಷ ಇರಬೇಕು, ಒಂದು ಶುಕ್ರವಾರ ಅವರ ಮನೆಗೆ ಊಟಕ್ಕೆ ಹೋಗಿದ್ದೆ. ಇಡ್ಲಿಯಂಥ ಸಾನ್ನಾಂ ಮತ್ತು ಕೋಳಿ ಸಾರು. ಮಾತಿನ ನಡುವೆ ನಾನು ಬಾಯಮ್ಮನಿಗೆ ಮುದೀರನ ಕೋಣೆಯ ಕತೆ ಹೇಳತೊಡಗಿದೆ. ಪೊರ್ಬುಗಳು ಅದನ್ನು ಮನೆಯಲ್ಲಿ ಹೇಳಿಯೇ ಇರಲಿಲ್ಲವೆಂದು ನನಗೆ ಗೊತ್ತಿರಲಿಲ್ಲ. ಅವರು ಮೇಜಿನ ಕೆಳಗಿಂದ ನನ್ನ ಕಾಲಿಗೆ ಮೆಲ್ಲನೆ ಒದ್ದರು. ವಿನಯಕ್ಕೆ ಹಾಗೆ ಮಾಡುತ್ತಿದ್ದಾರೆಂದು ನಾನು ಇನ್ನಷ್ಟು ಬಣ್ಣ ಹಚ್ಚಿ ಹೇಳಿದೆ.

ಬಾಯಮ್ಮ ಸಾರಿನ ಸೌಟು ಹಿಡಿದು ಪೂರ್ತಿ ಕೇಳಿದರು.

“ಕೊಟ್ಟದ್ದನ್ನು ಹಿಂದೆ ತಗೊಳ್ಳಬಾರದು ಅಂತ ಇವರು ಹೇಳಿದ್ರಾ?”

“ಹೌದು ಬಾಯಮ್ಮ. ಮುದೀರ್ ಬೆವತುಹೋದ.”

“ಹಾಗಾದ್ರೆ ನನ್ನ ಕಾರಿನ ಕೀ ಎಲ್ಲಿ ಉಂಟು ಅಂತ ಇವರನ್ನು ಕೇಳಿ.”

ಆಮೇಲೆ ವಿಷಯ ಹೊರಬಂತು. ಲೈಸೆನ್ಸ್ ಸಿಕ್ಕಿ ಸ್ವಲ್ಪ ದಿನದಲ್ಲೇ ಬಾಯಮ್ಮ ಕಾರು ಹಿಂದೆ ತೆಗೆಯುವಾಗ ಬೀದಿಯ ಕಬ್ಬಿಣದ ಕಸದ ತೊಟ್ಟಿಗೆ ತಾಗಿಸಿದ್ದರು. ಹಿಂದಿನ ಒಂದು ದೀಪ ಒಡೆದಿತ್ತು. ಅಂದಿನಿಂದ ಪೊರ್ಬುಗಳು, “ಸ್ವಲ್ಪ ದಿವಸ ಬೇಡ, ರಸ್ತೆ ಕೆಲಸ ಮುಗಿಯಲಿ, ಏಷ್ಯನ್ ಗೇಮ್ಸ್ ಆಗಲಿ,” ಎನ್ನುತ್ತ ಕೀಯನ್ನು ಪ್ಯಾಂಟಿನ ಜೇಬಿನಲ್ಲೇ ಇಟ್ಟುಕೊಂಡಿದ್ದರು. ಬಾಯಮ್ಮ ಮತ್ತೆ ಬಸ್ಸಿಗೆ. ಆ ಒಡೆದ ದೀಪವನ್ನು ನಾನೂ ನೋಡಿದ್ದೆ. ಯಾರೋ ಪಾಕಿಸ್ತಾನಿ ಟ್ಯಾಕ್ಸಿಯವನು ಗುದ್ದಿದ ಎಂದು ನನಗೆ ಹೇಳಿದ್ದರು.

“ಅದು ಹಾಗಲ್ಲ,” ಎಂದು ಪೊರ್ಬುಗಳು ಶುರುಮಾಡಿದರು. “ರಸ್ತೆ ನೀನೂ ನೋಡಿದ್ದಿ. ನಿನಗೆ ಏನಾದರೂ ಆದರೆ...”

“ರೈಲಿನ ಮಾಡು ಹೊತ್ತು ನಿಂತವನಿಗೂ ಹೆಂಡತಿಯ ಮೇಲೆ ಪ್ರೀತಿ ಇತ್ತು,” ಎಂದರು ಬಾಯಮ್ಮ. “ಈ ಕತೆಗಳನ್ನು ನಾನೂ ಇಪ್ಪತ್ತೈದು ವರ್ಷದಿಂದ ಕೇಳ್ತಾ ಇದ್ದೇನೆ. ಕಾರಿನಲ್ಲಿ ಕೂತವರು ಮಾತ್ರ ಅಲ್ಲ.”

ನಾನು ಕೋಳಿಯ ಎಲುಬಿನಲ್ಲಿ ಬಹಳ ಆಸಕ್ತಿ ತೋರಿಸಿದೆ. ಪೊರ್ಬುಗಳ ಮುಖ ಕೆಂಪಾಗಿತ್ತು. ಅವರಿಗೆ ಸಿಟ್ಟು ಬಂದಿದೆ ಎಂದುಕೊಂಡೆ. ಆದರೆ ಅವರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಆಮೇಲೆ ಬೆನ್ನಿಂದ ಹೊಟ್ಟೆಯ ತನಕ ಇಡೀ ದೇಹ ಕುಲುಕುವ ಹಾಗೆ ನಗತೊಡಗಿದರು. ನಗು ನಿಂತ ಮೇಲೆ ಜೇಬಿನಿಂದ ಕೀ ತೆಗೆದು ಬಾಯಮ್ಮನ ತಟ್ಟೆಯ ಪಕ್ಕ ಇಟ್ಟರು.

“ಆದರೆ ರೌಂಡಬೌಟಿನಲ್ಲಿ ಮಾತ್ರ...”

“ಶರತ್ತು ಇಲ್ಲ,” ಎಂದರು ಬಾಯಮ್ಮ.

“ಇಲ್ಲ,” ಎಂದು ಅವರು ಒಪ್ಪಿದರು.

ಅಂದು ನನ್ನನ್ನು ಮನೆಗೆ ಬಿಟ್ಟವರು ಬಾಯಮ್ಮ. ಪಕ್ಕದ ಬೀದಿಗೆ ನಡೆದೇ ಹೋಗಬಹುದಿತ್ತು, ಅವರು ಬಿಡಲಿಲ್ಲ. ಕಾರ್ನಿಶ್ ರಸ್ತೆಯ ತನಕ ಹೋಗಿ, ಸಮುದ್ರದ ಪಕ್ಕದಲ್ಲೇ ಸುತ್ತಿ ಬಂದೆವು. ಪೊರ್ಬುಗಳು ಹಿಂದಿನ ಸೀಟಿನಲ್ಲಿ ಕೂತು, ಪ್ರತಿ ತಿರುವಿನಲ್ಲೂ ಇಲ್ಲದ ಬ್ರೇಕನ್ನು ಕಾಲಿನಿಂದ ಒತ್ತುತ್ತಿದ್ದರು. ಬಾಯಮ್ಮ ಚೆನ್ನಾಗಿ ಓಡಿಸುತ್ತಿದ್ದರು. ಗಂಡನಿಗಿಂತ ಚೆನ್ನಾಗಿ ಎಂದು ನನಗನ್ನಿಸಿತು, ಯಾಕೆಂದರೆ ಅವರು ರಸ್ತೆ ನೋಡುತ್ತಿದ್ದರು. ದಾರಿಯಲ್ಲಿ ಪೊರ್ಬುಗಳು, “ಮೊಮ್ಮಗನ ಕಾಲದಲ್ಲಿ ಒಮ್ಮೆ...” ಎಂದು ಬಾಯಿ ತೆರೆದರು. “ಈಗ ಬೇಡ,” ಎಂದರು ಬಾಯಮ್ಮ. ಅವರು ಮತ್ತೆ ಇಲ್ಲದ ಬ್ರೇಕಿಗೆ ಕಾಲಿಟ್ಟರು.

ಮುಂದಿನ ವಾರದಿಂದ ಬೆಳಗಿನ ಪಾಳಿ ಇದ್ದ ದಿನಗಳಲ್ಲಿ ಕಾರು ಬಾಯಮ್ಮನದ್ದು. ನಾವಿಬ್ಬರೂ ಕಂಪನಿಯ ಬಸ್ಸಿನಲ್ಲಿ ಹೋದೆವು. ಅದರಿಂದ ಪೊರ್ಬುಗಳಿಗೆ ನಷ್ಟವೇನೂ ಆಗಲಿಲ್ಲ. ಕಾರಿನಲ್ಲಿ ಒಬ್ಬನೇ ಕೇಳುಗನಿದ್ದ. ಬಸ್ಸಿನಲ್ಲಿ ಐವತ್ತು ಸೀಟು. ಅವರು ಹಿಂದಿಗೆ ಹೊರಳಿದರು. ಅವರ ಹಿಂದಿ ಚೆನ್ನಾಗಿರಲಿಲ್ಲ. ಕೆಲವರು ನಿದ್ದೆ ಮಾಡಿದರು, ಕೆಲವರು ಕೇಳಿದರು. ರಾಜನಿಗೆ ಮನವಿ ಕೊಡಲು ಪಾದ್ರಿಯೊಬ್ಬನ ಹಿಂದೆ ಜನ ಹಿಮದಲ್ಲಿ ನಡೆದು ಹೋದದ್ದು, ಅರಮನೆಯ ಮುಂದೆ ಅವರ ಮೇಲೆ ಗುಂಡು ಹಾರಿದ್ದು, ಆಮೇಲೆ ಹೆದರಿದ ಮೊಮ್ಮಗ ‘ದೂಮಾ’ ಎಂಬ ಸಭೆಯನ್ನು ಕೊಟ್ಟದ್ದು, ಸಭೆ ಬಾಯಿ ತೆರೆದ ಕೂಡಲೇ ಅದನ್ನು ಮುಚ್ಚಿದ್ದು, ಇದೆಲ್ಲ ಸಲ್ವಾ ರೋಡಿನ ಟ್ರಾಫಿಕ್ಕಿನಲ್ಲಿ ನಡೆಯಿತು. ಅನುಮತಿಯಿಲ್ಲದೆ ದೇಶ ಬಿಡಲಾಗದ ಜನರಿಗೆ, ಅನುಮತಿಯಿಲ್ಲದೆ ಹಳ್ಳಿ ಬಿಡಲಾಗದವರ ಕತೆಯನ್ನು ವಿವರಿಸುವ ಅಗತ್ಯ ಇರಲಿಲ್ಲ. ಆ ಭಾಗ ಬಂದಾಗ ನಿದ್ದೆ ಮಾಡುವವರೂ ಒಂದು ಕಣ್ಣು ತೆರೆಯುತ್ತಿದ್ದರು.

ದೋಹಾದಲ್ಲಿ ಮೊದಲ ಇಗರ್ಜಿ ತೆರೆದ ವರ್ಷ ಬಾಯಮ್ಮ ಅಕ್ಕಪಕ್ಕದ ಮೂವರು ಹೆಂಗಸರನ್ನು ಕೂರಿಸಿಕೊಂಡು ಕಾರು ಓಡಿಸಿ ಹೋದರು. ಅಲ್ಲಿಯ ತನಕ ಪೂಜೆಗೆ ಯಾರದೋ ಮನೆ, ಬಾಡಿಗೆಯ ಯಾವುದೋ ಹಾಲ್. ಅಂದು ಸಂಜೆ ಪೊರ್ಬುಗಳು, “ಇಲ್ಲಿಯ ಅಮೀರರೇ ಜಾಗ ಕೊಟ್ರು ನೋಡು. ಯಾರೂ ಗಲಾಟೆ ಮಾಡದೆ ಕೊಟ್ರು,” ಎಂದರು. ತಾನಾಗಿ ಕೊಡುವ ದೊರೆಯನ್ನು ಕಣ್ಣಾರೆ ಕಂಡ ತೃಪ್ತಿ ಆ ಮಾತಿನಲ್ಲಿತ್ತು.

ಮರುವರ್ಷ ಪೊರ್ಬುಗಳಿಗೆ ಅರವತ್ತಾಗಿ ನಿವೃತ್ತಿ ಬಂತು. ಕಂಪನಿ ಹೋಟೆಲಿನಲ್ಲಿ ಬೀಳ್ಕೊಡುಗೆ ಇಡುತ್ತೇನೆಂದಿತು. ಕ್ಯಾಂಪಿನ ಸಮಿತಿ, ಬೇಡ, ನಾವು ಅಡುಗೆ ಮಾಡುತ್ತೇವೆ ಎಂದಿತು. ಶುಕ್ರವಾರ ಮಧ್ಯಾಹ್ನ ಕ್ಯಾಂಪಿನ ಅಂಗಳದಲ್ಲಿ ಶಾಮಿಯಾನ ಕಟ್ಟಿ, ಚಾಪೆ ಹಾಸಿ, ಎಲ್ಲರೂ ಸಾಲಾಗಿ ಕೂತರು. ಮುದೀರ್ ಕೂಡ ಬೂಟು ಕಳಚಿ ಚಾಪೆಯ ಮೇಲೆ ಕೂತ. ಬಂಗಾಳದವರ ಮೀನು, ತಮಿಳರ ಸಾಂಬಾರು, ನೇಪಾಳದವರ ಮೊಮೊ, ನಮ್ಮವರ ನೀರುದೋಸೆ. ಬಿರಿಯಾನಿಯೂ ಇತ್ತು, ಮಟನ್ನಿನದ್ದು. ಯಾರೋ ಬೇಕೆಂದೇ ಅದನ್ನು ಪೊರ್ಬುಗಳ ಎದುರಿಗೆ ಇಟ್ಟರು.

ಮಾತಾಡಿ ಎಂದು ಅವರನ್ನು ಎಬ್ಬಿಸಿದರು. ಅವರು ಕನ್ನಡಕ ತೆಗೆದು ಒರೆಸುತ್ತಲೇ ನಿಂತರು. ಆಗ ಒಲೆಯ ಕಾವಲಿನ ಆ ನೇಪಾಳದವನು, ಅವರಿಗೆ ಸಹಾಯವಾಗಲಿ ಎಂದೋ ಏನೋ, ಕೇಳಿದ: “ಸರ್, ಆ ಮೊಮ್ಮಗನಿಗೆ ಕೊನೆಗೆ ಏನಾಯಿತು? ಅದನ್ನು ನೀವು ಹೇಳಲೇ ಇಲ್ಲ.”

ನನಗೂ ಆಗಲೇ ಹೊಳೆದದ್ದು. ಹೌದು, ಅವರು ಹೇಳಿರಲಿಲ್ಲ. ದೂಮಾ ಮುಚ್ಚಿದಲ್ಲಿಗೆ ಬಂದು ಪ್ರತಿ ಸಲ ಮತ್ತೆ ಅಪ್ಪನ ಕಾಲಕ್ಕೆ ಹೋಗುತ್ತಿದ್ದರು. ಕೊನೆ ಏನೆಂದು ಯಾರು ಬೇಕಾದರೂ ಎಲ್ಲಿ ಬೇಕಾದರೂ ಓದಬಹುದು. ಮುದೀರನಿಗೂ ಗೊತ್ತಿತ್ತು, ಅವನು ತಲೆ ಎತ್ತಿ ಪೊರ್ಬುಗಳನ್ನೇ ನೋಡಿದ.

“ಹೇಳುವುದಿಲ್ಲ,” ಎಂದರು ಪೊರ್ಬುಗಳು ತಮ್ಮ ಹರಕು ಹಿಂದಿಯಲ್ಲಿ. “ಒಳ್ಳೆಯದಾಗಲಿಲ್ಲ. ಅವನಿಗೆ ಮಕ್ಕಳಿದ್ದರು. ಅಷ್ಟು ಸಾಕು. ಕೊನೆ ಹೇಳಿದರೆ ನೀವು ಕೊನೆಯನ್ನು ಮಾತ್ರ ನೆನಪಿಟ್ಟುಕೊಳ್ಳುತ್ತೀರಿ. ಅದು ಹಾಗೆಯೇ ಆಗಬೇಕಿತ್ತು ಅಂದುಕೊಳ್ಳುತ್ತೀರಿ. ಹಾಗಲ್ಲ. ಎಷ್ಟೋ ಸಲ ಬೇರೆ ದಾರಿ ಇತ್ತು. ಎಷ್ಟೋ ಬೆಳಿಗ್ಗೆ ಯಾರಾದರೂ ಒಬ್ಬ, ಸ್ವಲ್ಪ ತಡೀರಿ ದೊರೆ, ಬಾಗಿಲು ಮುಚ್ಚಬೇಡಿ, ಅಂದಿದ್ದರೆ ಸಾಕಿತ್ತು. ನಾನು ಆ ಬೆಳಿಗ್ಗೆಗಳ ಕತೆ ಹೇಳಿದೆ.”

ಬಾಯಮ್ಮ ಹೆಂಗಸರ ಸಾಲಿನಿಂದ ಎದ್ದು ಬಂದು, ಅವರ ಕೈಯಿಂದ ಕನ್ನಡಕ ತೆಗೆದುಕೊಂಡು, ತಮ್ಮ ಸೆರಗಿನಲ್ಲಿ ಒರೆಸಿ, ಮೂಗಿನ ಮೇಲಿಟ್ಟರು. “ಸಾಕು, ಕೂತ್ಕೊಳ್ಳಿ. ಅನ್ನ ತಣೀತಾ ಉಂಟು.”

ಪೊರ್ಬುಗಳು ಕೂತರು. ಮುದೀರ್ ಪಕ್ಕಕ್ಕೆ ಸರಿದು ಬಾಯಮ್ಮನಿಗೂ ಚಾಪೆಯಲ್ಲಿ ಜಾಗ ಮಾಡಿಕೊಟ್ಟ. ನೇಪಾಳದವನು ಸೌಟು ಹಿಡಿದು ಸಾಲಿನುದ್ದಕ್ಕೂ ಬಡಿಸುತ್ತ ಬಂದ.